ಕೊಟ್ಟೂರು ಹಲಗೆ, ಹರಪನಹಳ್ಳಿ ಹಲಗೆ

ಕೊಟ್ಟೂರು,
16 ಜೂನ್ 2024

ಭೂಮಿ,

ಬಸ್ಸು ಹೊರಟಾಗ ನೀನು ಕಿಟಕಿಯಿಂದ ಕೈ ಹೊರಗೆ ಹಾಕಿ ಕೂಗಿದ್ದು "ಅಮ್ಮಾ, ಅಂಚು!" ಅಂತ. ಪಕ್ಕದಲ್ಲಿದ್ದ ಹೆಂಗಸು ನನ್ನ ಸೀರೆಯ ಅಂಚು ಎಲ್ಲಿ ಸಿಕ್ಕಿಕೊಂಡಿದೆಯೋ ಎಂದು ಬಗ್ಗಿ ನೋಡಿದರು. ಹದಿನಾರು ವರ್ಷದ ಮಗಳು ಮೊದಲ ಸಲ ಮನೆ ಬಿಟ್ಟು ಘಟ್ಟದ ಕೆಳಗೆ ಓದಲು ಹೋಗುವಾಗ ಕೊನೆಗೆ ಇದನ್ನೇ ಹೇಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ನಿಮ್ಮ ಹಾಸ್ಟೆಲಿನಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ. ಇನ್ನು ಬರೆದೇ ಮಾತಾಡಬೇಕು. ಇದು ನಾಲ್ಕನೆಯ ಹಾಳೆ, ಮೊದಲಿನ ಮೂರನ್ನು ಹರಿದು ಹಾಕಿದೆ. ಶಾಲೆಯಲ್ಲಿ ಮಕ್ಕಳಿಗೆ "ಮನಸ್ಸಿಗೆ ಬಂದದ್ದು ಬರೆಯಿರಿ" ಎಂದು ಎಷ್ಟು ಸುಲಭವಾಗಿ ಹೇಳಿಬಿಡುತ್ತೇನೆ ನಾನು.

ನಿನ್ನೆ ಮಹಡಿ ಕೋಣೆಗೆ ಹೋಗಿ ನಾವು ಮೂವರೂ ಸೇರಿ ಎರಡು ಹಲಗೆಯ ಮೇಲೆ ಕಟ್ಟಿದ ಪುಟ್ಟ ರೈಲಿನ ಮೇಲೆ ಹೊದಿಸಿದ ಬಟ್ಟೆ ತೆಗೆದೆ. ಇಲಿ ಬಂದಿಲ್ಲ. ಕುರಿಗಳೆಲ್ಲ ನಿಂತಲ್ಲೇ ಇವೆ, ಅಜ್ಜಿ ಕೊಟ್ಟ ಉಣ್ಣೆಯಲ್ಲಿ ನೀನು ಉಂಡೆ ಕಟ್ಟಿ ಮಾಡಿದವು. ಅಂಚಿನ ಬಗ್ಗೆ ನೀನು ಹೇಳಿದ್ದು ನಿಜ. ಮೇಲಿನಿಂದ ನೋಡಿದರೆ ಹೊಲ, ಹಳಿ, ಹುಣಸೆಮರ, ಸ್ಟೇಷನ್ನು. ಪಕ್ಕಕ್ಕೆ ಬಂದು ನಿಂತರೆ ಬರೀ ಪ್ಲೈವುಡ್ಡು, ಸೋರಿದ ಅಂಟು, ನಿನ್ನ ಅಪ್ಪ ಪೆನ್ಸಿಲಿನಲ್ಲಿ ಹಾಕಿದ ಅಳತೆ. ಅಂಚಿಗೆ ಬಣ್ಣ ಹಚ್ಚುವುದನ್ನು ಅವರು ಕೊನೆಗೆ ಅಂತ ಇಟ್ಟುಕೊಂಡಿದ್ದರು.

ಇಂಟರ್ನೆಟ್ಟಿನಲ್ಲಿ ಓದಿದೆ. ಇಂಥ ಪುಟ್ಟ ರೈಲು ಮಾಡುವ ಜನ ಅಂಚಿಗೆ ಕಪ್ಪು ಹಚ್ಚುತ್ತಾರಂತೆ. ಕಣ್ಣು ಅಂಚಿನ ಮೇಲೆ ನಿಲ್ಲದೆ ಒಳಗೆ ಹೋಗಲಿ ಎಂದು. ನನಗೂ ಅದೇ ಸರಿ ಅನಿಸಿತು. ನೀನು ಏನನ್ನುತ್ತೀ?

ಇನ್ನೊಂದು ವಿಷಯ. ನಿನ್ನ ಅಪ್ಪ ಹರಪನಹಳ್ಳಿಯಿಂದ ಫೋನ್ ಮಾಡಿದ್ದರು. ಅಜ್ಜಿ ಮನೆಯ ನಡುಕೋಣೆ ಖಾಲಿ ಇದೆ, ಹರಪನಹಳ್ಳಿ ಸ್ಟೇಷನ್ ಇರುವ ಹಲಗೆ ತಾವು ಮಾಡಿದ್ದು, ಅದನ್ನು ಒಯ್ಯುತ್ತೇನೆ ಅಂದರು. "ಒಯ್ರಿ" ಅಂದೆ. "ಸರಿ" ಅಂದರು. "ಹ್ಞೂಂ" ಅಂದೆ. ಎರಡು ಹಲಗೆಗಳ ನಡುವೆ ಇರುವುದು ಎರಡು ಬೋಲ್ಟು. ಬಿಚ್ಚಿದರೆ ಬೇರೆ ಆಗುತ್ತವೆ. ಕೊಟ್ಟೂರು ಹಲಗೆ ನಾವು ಅಮ್ಮ ಮಗಳು ಮಾಡಿದ್ದು, ಅದು ಇಲ್ಲೇ ಇರುತ್ತದೆ. ಅವರು ಒಯ್ಯುವ ಮೊದಲು ಎರಡಕ್ಕೂ ಬಣ್ಣ ಹಚ್ಚಿಬಿಡುತ್ತೇನೆ.

ಊರವರಿಗೆ ನಿನ್ನ ಅಪ್ಪನಿಗೆ ಹರಪನಹಳ್ಳಿ ಐಟಿಐಗೆ ವರ್ಗವಾಗಿದೆ ಎಂದು ಹೇಳಿದ್ದೇವೆ. ಅದು ನಿಜ. ದಿನಾ ಹೋಗಿ ಬರಬಹುದಾದಷ್ಟು ಹತ್ತಿರದ ಊರು ಎನ್ನುವುದೂ ನಿಜ. ನಿನಗೆ ಎರಡೂ ಗೊತ್ತು, ಮತ್ತೆ ವಿವರಿಸುವುದಿಲ್ಲ.

ಶೇಂಗಾ ಪುಡಿ ಒಬ್ಬಳೇ ತಿನ್ನಬೇಡ.

ನಿನ್ನ,
ಅಮ್ಮ


ಹಾಸ್ಟೆಲ್,
27 ಜೂನ್ 2024

ಅಮ್ಮಾ,

ಒಬ್ಬಳೇ ತಿನ್ನೋದಾ? ಡಬ್ಬಿ ತೆಗೆದ ಎರಡನೇ ದಿನಕ್ಕೆ ತಳ ಕಂಡಿತು. ರೂಮಿನವರು ಅದಕ್ಕೆ "ಬಳ್ಳಾರಿ ಪುಡಿ" ಅಂತ ಹೆಸರಿಟ್ಟಿದ್ದಾರೆ. ನಮ್ಮದು ಈಗ ವಿಜಯನಗರ ಜಿಲ್ಲೆ ಅಂತ ಹೇಳಿದೆ. ಯಾರಿಗೂ ಬೇಕಾಗಿಲ್ಲ, ಪುಡಿ ಬೇಕಷ್ಟೆ.

ಇಲ್ಲಿ ವಾರ್ಡನ್ ಮೇಡಂ ಪತ್ರ ಓದಿಯೇ ಕೊಡೋದು. "ನಿಮ್ಮ ಮನೆಯಲ್ಲಿ ರೈಲು ಉಂಟಾ?" ಅಂತ ಕೇಳಿದರು. ಉಂಟು, ಆದರೆ ಒಡೀತಾ ಇದ್ದಾರೆ ಅಂದೆ.

ಕಪ್ಪು ಬೇಡ. ಅದೇನು ಟಿ.ವಿ.ನಾ? ಹೊಲ ಇದ್ದಕ್ಕಿದ್ದ ಹಾಗೆ ಕಪ್ಪಾಗಿ ನಿಂತುಬಿಡುತ್ತಾ? ಸಲಿಕೆ ಹಾಕಿ ಭೂಮಿ ಕಡಿದರೆ ಪಕ್ಕದಲ್ಲಿ ಏನು ಕಾಣುತ್ತೆ? ಮಣ್ಣು. ಮಣ್ಣಿನ ಬಣ್ಣ ಹಚ್ಚು.

ಆದರೆ ನಿಜವಾಗಿ ಹೇಳಲಾ? ಎರಡು ಮನೆಗೆ ಹೋಗೋ ಎರಡು ಹಲಗೆಗೆ ಯಾವ ಬಣ್ಣ ಆದರೇನು? ಅಪ್ಪನ ಹಲಗೆ ಹೋದ ಮೇಲೆ ಕೊಟ್ಟೂರಿನಿಂದ ಹೊರಟ ಇಂಜಿನ್ ಎಲ್ಲಿಗೆ ಹೋಗುತ್ತೆ? ಅಂಚಿಗೆ ಬಂದು ಕೆಳಗೆ ಬೀಳುತ್ತೆ. ದಿನಾ ಕೆಳಗೆ ಹಾಸಿಗೆ ಹಾಸಿಡು.

ದಸರಾ ರಜೆಗೆ ನಾನು ಯಾವ ಮನೆಗೆ ಬರಬೇಕು ಅಂತ ನೀವಿಬ್ಬರೂ ಹೇಳಿಲ್ಲ. ಕುಂದಾಪುರದ ಗೆಳತಿ ತನ್ನ ಮನೆಗೆ ಕರೆದಿದ್ದಾಳೆ. ಬೋಲ್ಟ್ ಬಿಚ್ಚಿದರೆ ಅಲ್ಲಿಗೇ ಹೋಗ್ತೀನಿ. ಇದು ಬೆದರಿಕೆ ಅಲ್ಲ. ಬೆದರಿಕೆನೇ ಅನ್ಕೋ.

ಭೂಮಿ

ಪುಡಿ ಕಳಿಸು.


ಕೊಟ್ಟೂರು,
21 ಜುಲೈ 2024

ಭೂಮಿ,

ಪುಡಿ ಕಳಿಸಿದ್ದೇನೆ, ಈ ಸಲ ದೊಡ್ಡ ಡಬ್ಬಿ. ನಿನ್ನ ಪತ್ರವನ್ನು ತುಂಬ ಸಲ ಓದಿದೆ. ನೀನು ಕೇಳಿದ್ದಕ್ಕೆ ಒಂದು ಮಾತು ಮಾತ್ರ ಹೇಳಬಲ್ಲೆ: ನೀನು ಯಾವ ಮನೆಗೆ ಬಂದರೂ ನನಗೆ ಬೇಸರವಾಗುವುದಿಲ್ಲ. ಬರೆದ ಮೇಲೆ ಓದಿದರೆ ಇದು ಸುಳ್ಳು ಅನಿಸುತ್ತದೆ. ಆದರೂ ಹೊಡೆದುಹಾಕುವುದಿಲ್ಲ.

ಮಣ್ಣಿನ ಬಣ್ಣ ಎಂದೆಯಲ್ಲ, ಸರಿಯಾದ ಮಾತು. ಹೋದ ಭಾನುವಾರ ಉಜ್ಜಿನಿ ದಾರಿಯಲ್ಲಿ ನಡೆದು ಹೋಗಿ ಒಂದು ಮಸಾರಿ ಹೊಲದ ಬದುವಿನಿಂದ ಬೊಗಸೆ ಕೆಂಪು ಮಣ್ಣು ಪ್ಲಾಸ್ಟಿಕ್ ಕವರಿನಲ್ಲಿ ತಂದೆ. ನೇರ ಯರ್ರೆಪ್ಪನ ಪೇಂಟ್ ಅಂಗಡಿಗೆ.

"ಯಾ ಗ್ವಾಡಿಗ್ರೀ ಮೇಡಂ?"

"ಗೋಡೆಗಲ್ಲ, ರೈಲಿಗೆ."

"ರೈಲಿಗಾ? ಅದಕ್ಕ ರೈಲ್ವೆದವ್ರು ಟೆಂಡರ್ ಕರೀತಾರ್ರಿ. ನಿಮಗ್ಯಾಕ ಬಂತು ಈ ಉಸಾಬರಿ?"

ಬಿಡಿಸಿ ಹೇಳಿದೆ. ಅಂಗಡಿಯಲ್ಲಿದ್ದವರೆಲ್ಲ ಕವರಿನೊಳಗೆ ಇಣುಕಿ ನೋಡಿ ಒಬ್ಬೊಬ್ಬರು ಒಂದೊಂದು ಬಣ್ಣ ಹೇಳಿದರು. ಯರ್ರೆಪ್ಪ ಶೇಡ್ ಕಾರ್ಡು ಹಿಡಿದು ಮಣ್ಣಿಗೆ ತಾಳೆ ನೋಡಿ, ಮಿಷನ್ನಿನಲ್ಲಿ ಕಲಸಿಕೊಟ್ಟ. ಅಚ್ಚುಕಟ್ಟಾಗಿ ಅದೇ ಬಣ್ಣ. ಮನೆಗೆ ಬಂದು ಮೊದಲು ಹರಪನಹಳ್ಳಿ ಹಲಗೆಗೆ ಹಚ್ಚಿದೆ, ಮೊದಲು ಹೋಗುವುದು ಅದೇ ಅಲ್ಲವೇ ಎಂದು. ಎರಡು ಕೋಟು. ಗಾಢ ಕೆಂಪುಕಂದು. ಚೆನ್ನಾಗಿ ಕಂಡಿತು. ಉಳಿದ ಮಣ್ಣನ್ನು ಕಿಟಕಿ ಕಟ್ಟೆಯ ಮೇಲೆ ಹರಡಿಟ್ಟು ಮಲಗಿದೆ.

ಮರುದಿನ ಸಂಜೆ ಶಾಲೆಯಿಂದ ಬಂದು ನೋಡಿದರೆ ಕಿಟಕಿಯಲ್ಲಿ ಬೇರೆಯೇ ಮಣ್ಣು! ತಿಳಿ ಬಣ್ಣ, ಹಳೇ ಇಟ್ಟಿಗೆ ಪುಡಿಯ ಹಾಗೆ. ಯಾರೋ ಬದಲಾಯಿಸಿದರೇನೋ ಅಂದುಕೊಂಡೆ, ಒಂದು ಕ್ಷಣ. ಪಕ್ಕದ ಮನೆಯ ದ್ಯಾಮಕ್ಕ ಪುದೀನ ಕೇಳಲು ಬಂದವರು ನೋಡಿ ನಕ್ಕರು.

"ಶನಿವಾರ ರಾತ್ರಿ ಮಳಿ ಬಂದಿತ್ತಲ್ರೀ ಟೀಚರ್ರ. ನೀವು ಹಸಿ ಮಣ್ಣು ತೋರ್ಸೀರಿ. ಹೊಲ ನೋಡಾಕ ಬಂದ ಬೀಗರು ಮೋಸ ಹೋದಂಗಾತು ನಿಮ್ಮದು."

ಅವರು ಪುದೀನ ಮರೆತು ಹೋದರು, ನಗು ಮಾತ್ರ ಬೀದಿಯ ಕೊನೆಯವರೆಗೆ ಕೇಳಿಸಿತು. ಇಷ್ಟು ವರ್ಷ ಈ ಮಣ್ಣಿನ ಮೇಲೆ ನಡೆದಿದ್ದೇನೆ, ಮಳೆ ಬಿದ್ದ ಮರುದಿನ ಅದರ ಬಣ್ಣ ಬೇರೆ ಎಂದು ಹೊಳೆಯಲಿಲ್ಲ. ಒದ್ದೆಯಾಗಿದ್ದಾಗ ನೋಡಿ ಇದೇ ಇದರ ಬಣ್ಣ ಎಂದು ತೀರ್ಮಾನಿಸಿಬಿಟ್ಟೆ. ಇನ್ನೂ ಏನೇನನ್ನು ಹಾಗೆ ತೀರ್ಮಾನಿಸಿದ್ದೇನೋ.

ಈಗ ಆ ಬಣ್ಣವನ್ನು ಉಜ್ಜಿ ತೆಗೆಯಬೇಕು. ನಿನ್ನ ಅಪ್ಪನಿಗೆ ಹೇಳಿಲ್ಲ. ಹಲಗೆ ಹೇರಲು ಗಾಡಿ ಸಿಗಲಿಲ್ಲ ಎಂದು ಅವರೂ ಇನ್ನೂ ಬಂದಿಲ್ಲ.

ನಿನ್ನ,
ಅಮ್ಮ


ಹರಪನಹಳ್ಳಿ,
4 ಆಗಸ್ಟ್ 2024

ಮಾಳಾ,

ನನಗ ಪತ್ರ ಬರ್ದು ರೂಢಿ ಇಲ್ಲ. ನಿನ್ನ ಶಾಲಿ ಹುಡುಗರ ಪೇಪರ್ ತಿದ್ದಿದಂಗ ಕೆಂಪು ಪೆನ್ನು ಹಿಡ್ಕಂಡು ಓದಬ್ಯಾಡ. ಫೋನ್ ಮಾಡಿದ್ರ ಇಬ್ರೂ "ಹ್ಞೂಂ, ಮತ್ತೆ" ಅಂದು ಇಟ್ಟುಬಿಡ್ತೀವಿ. ಅದಕ್ಕ ಬರ್ಯಾಕ ಕುಂತೀನಿ.

ಭೂಮಿ ನನಗೂ ಬರ್ದಾಳ. ಹಸಿ ಮಣ್ಣಿನ ಕತಿ ಎಲ್ಲಾ ಹೇಳ್ಯಾಳ. ಬೋಲ್ಟ್ ಬಿಚ್ಚಿದ್ರ ಕುಂದಾಪುರಕ್ಕ ಹೋಗ್ತಾಳಂತ. ಅದನ್ನ ಎರಡು ಸಲ ಬರ್ದು ಕೆಳಗ ಗೆರಿ ಎಳದಾಳ. ಹಟ ಯಾರದು ಅಂತ ಅವ್ವನ್ನ ಕೇಳಿದೆ. "ಇಬ್ರದೂ ಐತಿ, ಅದಕ್ಕ ಇಷ್ಟು ಗಟ್ಟಿ" ಅಂದ್ಲು.

ಅವ್ವಗ ಹಲಗಿ ತರೋ ಸುದ್ದಿ ಈಗ ಗೊತ್ತಾತು. "ಏ ಕನಕಾ, ನಡುಮನ್ಯಾಗ ರೈಲು ಬಿಟ್ರ ನಾ ಎಲ್ಲಿ ಮಲಗ್ಲೋ? ಪ್ಲಾಟ್‌ಫಾರ್ಮಿನ ಮ್ಯಾಲಾ?" ಅಂತ ಬೈದ್ಲು. ಕೋಣಿ ಖಾಲಿ ಐತಿ ಅಂತ ನಾ ನಿನಗ ಹೇಳಿದ್ದೆ. ಅಷ್ಟೇನೂ ಖಾಲಿ ಇಲ್ಲ.

ಬಣ್ಣ ಉಜ್ಜಿ ತಗೀಬ್ಯಾಡ. ನೆನಪೈತಾ, ನನ್ನ ಹಲಗಿ ಮ್ಯಾಲ ನಾನು ಹಸರು ಪೈರು ಹಚ್ಚಿದ್ದೆ. ನೀವು ಅಮ್ಮ ಮಗಳು ಕೊಟ್ಟೂರಾಗ ಕೊಯ್ದು ಉಳಿದ ಜ್ವಾಳದ ಕೂಳಿ ನೆಟ್ಟು ಬ್ಯಾಸಗಿ ಮಾಡಿದ್ರಿ. "ಒಂದು ರೈಲಿಗೆ ಎರಡು ಕಾಲ ಹೆಂಗ ಇರ್ತಾವ" ಅಂದಿದ್ದಿ ನೀನು. ನಾ ಅವತ್ತು ಸುಮ್ನಾದೆ. ನಾ ಸುಮ್ನಾಗೋದೇ ನಿನಗ ಸಿಟ್ಟು, ಗೊತ್ತೈತಿ.

ಈಗ ಹೇಳ್ತೀನಿ. ಇರ್ತಾವ. ಮೊನ್ನಿ ಶನಿವಾರ ಇಲ್ಲಿ ರೈಲು ಹತ್ತುವಾಗ ಛತ್ರಿ ಹಿಡ್ದು ಹತ್ತಿದೆ. ಕೊಟ್ಟೂರಾಗ ಇಳಿದ್ರ ಧೂಳು. ಮಂದಿ ನನ್ನ ಹಸಿ ಛತ್ರಿ ನೋಡಿ "ಎಲ್ಲಿ ತೊಳ್ಕಂಡು ಬಂದ್ರಿ ಸಾರ್" ಅಂದ್ರು. ಸ್ಟೇಷನ್ ಹೊರಗ ಚಾ ಕುಡ್ದು, ಬಸ್ಸು ಹಿಡ್ದು ವಾಪಸ್ ಬಂದೆ.

ಗಾಡಿ ಇನ್ನೂ ಸಿಕ್ಕಿಲ್ಲ.

ಕನಕರಾಜ


ಕೊಟ್ಟೂರು,
18 ಆಗಸ್ಟ್ 2024

ಭೂಮಿಯ ಅಪ್ಪನವರಿಗೆ,

ಕೆಂಪು ಪೆನ್ನು ಹಿಡಿದಿರಲಿಲ್ಲ. ಆದರೂ ಒಂದು ಸಾಲಿನ ಮೇಲೆ ನಿಂತುಬಿಟ್ಟೆ. ಸ್ಟೇಷನ್ನಿನಿಂದ ನಮ್ಮ ಮನೆಗೆ ನಡೆದೇ ಬರಬಹುದು. ಚಹಾ ಮನೆಯಲ್ಲೂ ಇತ್ತು.

ನೀವು ಹೇಳಿದಂತೆ ಹಸಿ ಮಣ್ಣಿನ ಬಣ್ಣವನ್ನು ಹಾಗೇ ಬಿಟ್ಟಿದ್ದೇನೆ. ಕೊಟ್ಟೂರು ಹಲಗೆಗೆ ಒಣ ಮಣ್ಣಿನ ಬಣ್ಣ ಕಲಸಿಕೊಂಡು ಬಂದೆ. ಯರ್ರೆಪ್ಪ ಒಣ ಮಣ್ಣು ನೋಡಿ "ಇದೂ ಅದ ಹೊಲದ್ದಾ ಮೇಡಂ? ನಾಳಿ ಇನ್ನೊಂದು ಬಣ್ಣ ತರ್ತೀರೇನು?" ಎಂದು ಕೇಳಿದ. ಎರಡು ದಿನದ ಹಿಂದೆ ಹಚ್ಚಿ ಮುಗಿಸಿದೆ. ಹಿಂದಿನ ಅಂಚು ಗೋಡೆಗೆ ಅಂಟಿಕೊಂಡಿದೆ, ಅದು ಹಾಗೇ ಉಳಿದಿದೆ.

ಈಗ ಹೇಗೆ ಕಾಣುತ್ತಿದೆ ಎಂದರೆ, ಚೆನ್ನಾಗಿಲ್ಲ. ಹರಪನಹಳ್ಳಿ ಗಾಢವಾಗಿದೆ, ಕೊಟ್ಟೂರು ತಿಳಿಯಾಗಿದೆ, ಬೋಲ್ಟು ಇರುವಲ್ಲಿ ಚಾಕುವಿನಿಂದ ಕೊಯ್ದಂತೆ ಒಂದು ಗೆರೆ. ಮೊದಲು ಬರಿಯ ಪ್ಲೈವುಡ್ ಇದ್ದಾಗ ಕೂಡುಗೆರೆ ಕಾಣುತ್ತಲೇ ಇರಲಿಲ್ಲ. ನಾನು ಬಣ್ಣ ಹಚ್ಚಿ ಅದನ್ನು ಎಲ್ಲರಿಗೂ ಕಾಣುವಂತೆ ಮಾಡಿದೆನೇನೋ. ಅಥವಾ ಇದ್ದದ್ದು ಕಾಣುವುದೇ ಒಳ್ಳೆಯದೋ? ಎರಡು ದಿನದಿಂದ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು ಯೋಚಿಸುತ್ತಿದ್ದೇನೆ. ಗೊತ್ತಾಗಲಿಲ್ಲ.

ನೀವು ವರ್ಗಾವಣೆ ಕೇಳಿಕೊಂಡಿದ್ದೀರಿ ಎಂದು ನನಗೆ ತಿಳಿದದ್ದು ಆದೇಶ ಬಂದ ಮೇಲೆ. ಯಾಕೆ ಎಂದು ನಾನು ಅವತ್ತು ಕೇಳಲಿಲ್ಲ, ನೀವೂ ಹೇಳಲಿಲ್ಲ. ಈಗಲೂ ಪತ್ರದಲ್ಲಿ ಕೇಳುವುದಿಲ್ಲ.

ಬೋಲ್ಟು ಬಿಚ್ಚುವುದಾದರೆ ಭೂಮಿಗೆ ನೀವೇ ತಿಳಿಸಬೇಕು. ನನ್ನಿಂದ ಆಗುವುದಿಲ್ಲ. ಗಾಡಿ ಸಿಕ್ಕ ದಿನ ಬನ್ನಿ.

ಅತ್ತೆಗೆ ನಮಸ್ಕಾರ ತಿಳಿಸಿ. ಪ್ಲಾಟ್‌ಫಾರ್ಮಿನ ಮಾತಿಗೆ ಒಬ್ಬಳೇ ಕೂತು ಜೋರಾಗಿ ನಕ್ಕೆ.

ಮಾಳಾ


ಹಾಸ್ಟೆಲ್,
8 ಸೆಪ್ಟೆಂಬರ್ 2024

ಅಮ್ಮಾ ಮತ್ತು ಅಪ್ಪಾ,

ಇದು ಇಬ್ಬರಿಗೂ ಸೇರಿ ಒಂದೇ ಪತ್ರ. ನನ್ನ ಹತ್ತಿರ ಒಂದೇ ಇನ್‌ಲ್ಯಾಂಡ್ ಉಳಿದಿದೆ. ಅಮ್ಮಾ, ಓದಿದ ಮೇಲೆ ಅಪ್ಪನಿಗೆ ಕೊಡು. ಪೋಸ್ಟ್ ಮಾಡಬೇಡ, ಫೋಟೋ ತೆಗೆದು ಕಳಿಸಬೇಡ, ಕೈಗೆ ಕೊಡು.

ನೀವಿಬ್ಬರೂ ಬೇರೆ ಬೇರೆಯಾಗಿ ನನಗೆ ಅಂಚಿನ ಗೆರೆ ಬಗ್ಗೆ ಬರೆದಿದ್ದೀರಿ. ಒಂದೇ ವಿಷಯ ಎರಡು ಸಲ ಓದಿದೆ. ಅಮ್ಮ ಅದನ್ನು "ಸಮಸ್ಯೆ" ಅಂತಾಳೆ. ಅಪ್ಪ "ಏನಾರ ಮಾಡಬೇಕು" ಅಂತಾರೆ. ಯಾರೂ ಏನೂ ಮಾಡಿಲ್ಲ.

ನಮ್ಮಲ್ಲಿ ಮಳೆ ಯಾವ ಕಡೆಯಿಂದ ಬರುತ್ತೆ? ಹರಪನಹಳ್ಳಿ ಕಡೆಯಿಂದ ತಾನೇ? ಮೋಡ ಆ ಕಡೆ ಕಪ್ಪಾದ ಕೂಡಲೆ ಅಮ್ಮ ಮಹಡಿ ಮೇಲಿನ ಬಟ್ಟೆ ತೆಗೆಯೋಕೆ ಓಡ್ತಾಳೆ. ಅಂದರೆ ನಮ್ಮ ರೈಲಿನಲ್ಲಿ ಹರಪನಹಳ್ಳಿಗೆ ಮಳೆ ಬಂದಾಗಿದೆ, ಕೊಟ್ಟೂರಿಗೆ ಇನ್ನೂ ಬಂದಿಲ್ಲ. ಬರ್ತಾ ಇದೆ. ಮಳೆ ಬರುವಾಗ ಗೆರೆ ಎಳೆದುಕೊಂಡು ಬರುತ್ತಾ? ಅಂಗಳದ ಧೂಳಿನ ಮೇಲೆ ಮೊದಲ ಹನಿಗಳು ಬಿದ್ದರೆ ಹೇಗಿರುತ್ತೆ ನೆನಪು ಮಾಡಿಕೊಳ್ಳಿ. ಅಲ್ಲೊಂದು ಚುಕ್ಕೆ, ಇಲ್ಲೊಂದು ಚುಕ್ಕೆ, ಆಮೇಲೆ ಜಾಸ್ತಿ, ಆಮೇಲೆ ಪೂರ್ತಿ.

ಹಳೇ ಟೂತ್‌ಬ್ರಷ್ ಹಸಿ ಮಣ್ಣಿನ ಬಣ್ಣದಲ್ಲಿ ಅದ್ದಿ, ಬೆರಳಿನಿಂದ ಚಿಮ್ಮಿಸಿ. ಗೆರೆ ಹತ್ತಿರ ದಟ್ಟವಾಗಿ, ಕೊಟ್ಟೂರಿನ ಕಡೆ ಬರ್ತಾ ಬರ್ತಾ ತೆಳ್ಳಗೆ. ಒಬ್ಬರು ಮೇಲಿನ ಕುರಿಗಳಿಗೆ ಕಾಗದ ಅಡ್ಡ ಹಿಡೀಬೇಕು, ಇಲ್ಲದಿದ್ದರೆ ಅವಕ್ಕೆಲ್ಲ ಸಿಡುಬು ಬಂದಂಗೆ ಕಾಣುತ್ತೆ. ಹಾಗಾಗಿ ಒಬ್ಬರಿಂದ ಆಗೋ ಕೆಲಸ ಅಲ್ಲ.

ಇಷ್ಟೇ. ಕುಂದಾಪುರದ ಗೆಳತಿಗೆ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ಭೂಮಿ


ಕೊಟ್ಟೂರು,
22 ಸೆಪ್ಟೆಂಬರ್ 2024

ಭೂಮಿ,

ನಿನ್ನ ಪತ್ರ ಕೈಗೇ ಕೊಟ್ಟೆ. "ಭೂಮಿಯ ಪತ್ರ ಬಂದಿದೆ, ಕೈಗೇ ಕೊಡಬೇಕಂತೆ" ಎಂದು ಫೋನಿನಲ್ಲಿ ಹೇಳಿದ್ದಕ್ಕೆ ನಿನ್ನ ಅಪ್ಪ "ಶನಿವಾರ ಬಂದು ಹಲಗೀನೂ ಒಯ್ತೀನಿ" ಅಂದಿದ್ದರು. ಶುಕ್ರವಾರ ರಾತ್ರಿಯೇ ನಾನು ಸ್ಪ್ಯಾನರ್ ಹುಡುಕಿ ಮೇಜಿನ ಮೇಲೆ ಇಟ್ಟೆ. ಮನಸ್ಸು ಗಟ್ಟಿ ಮಾಡಿಕೊಳ್ಳಲು ನನಗೆ ಏನಾದರೊಂದು ವಸ್ತು ಕಣ್ಣೆದುರು ಬೇಕು.

ನಿನ್ನೆ ಬಾಗಿಲು ತೆಗೆದರೆ ಹೆಗಲಿಗೆ ಚೀಲ, ಕೈಯಲ್ಲಿ ಛತ್ರಿ. ಹಿಂದೆ ಬೀದಿಯಲ್ಲಿ ಗಾಡಿ ಕಾಣಲಿಲ್ಲ.

"ಗಾಡಿ ಎಲ್ಲಿ?" ಅಂದೆ.

"ರೈಲಿಗೆ ಬಂದೆ."

"ಮಂಚದಷ್ಟು ಉದ್ದದ ಹಲಗೆಯನ್ನು ರೈಲಿನಲ್ಲಿ ಹೇಗೆ ಒಯ್ಯುತ್ತೀರಿ?"

ಅವರು ಚಪ್ಪಲಿ ಬಿಡುತ್ತಾ, ನನ್ನ ಮುಖ ನೋಡದೆ, "ಅದನ್ನ ನಾ ವಿಚಾರ ಮಾಡಿರಲಿಲ್ಲ ನೋಡು" ಅಂದರು. ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ವೈರಿಂಗ್ ಕಲಿಸಿದ ಮನುಷ್ಯ. ಅಳತೆ ಇಲ್ಲದೆ ಒಂದು ಮೊಳೆ ಹೊಡೆದವರಲ್ಲ. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಸಕ್ಕರೆ ಹಾಕಿದೆನೋ ಇಲ್ಲವೋ ಮರೆತು ಎರಡು ಸಲ ಹಾಕಿದೆ. ಅವರು ಪೂರ್ತಿ ಕುಡಿದರು.

ನಿನ್ನ ಪತ್ರ ಓದಿ ಅವರು ಹೇಳಿದ್ದು ಒಂದೇ: "ಟೂತ್‌ಬ್ರಷ್ ಐತಾ?"

ನಾನು ಕಾಗದ ಹಿಡಿದೆ, ಅವರು ಚಿಮ್ಮಿಸಿದರು. ಮೊದಲ ಹನಿಗಳು ಹಲಗೆಯ ಮೇಲೆ ಬೀಳಲಿಲ್ಲ, ಅವರ ಕನ್ನಡಕದ ಮೇಲೆ ಬಿದ್ದವು. ಎರಡನೆಯವು ನನ್ನ ಕುತ್ತಿಗೆಗೆ. ಆಮೇಲೆ ಕೈ ಹದಕ್ಕೆ ಬಂತು. ಗೆರೆಯ ಹತ್ತಿರ ದಟ್ಟವಾಗಿ, ಕೊಟ್ಟೂರಿನ ಕಡೆ ವಿರಳವಾಗಿ. ಒಂದು ಹನಿ ಕೊಟ್ಟೂರು ಸ್ಟೇಷನ್ನಿನ ಕೆಳಗಿನವರೆಗೂ ಹೋಗಿ ಬಿತ್ತು. "ಅದೊಂದು ಜಾಸ್ತಿ ದೂರ ಹೋತು, ಒರಸಲೇನು?" ಎಂದು ಕೇಳಿದರು. ಬೇಡ ಅಂದೆ. ಮಳೆಯ ಮೊದಲ ಹನಿ ಹಾಗೇ ಬೀಳುತ್ತದೆ, ಯಾರೂ ಎದುರು ನೋಡದ ಕಡೆ.

ಬಣ್ಣ ಒಣಗುವವರೆಗೆ ನೆಲದ ಮೇಲೆ ಕೂತಿದ್ದೆವು. ಆಗ ಅವರು, ವರ್ಗ ಯಾಕೆ ಕೇಳಿಕೊಂಡರು ಎಂದು ನಾನು ಪತ್ರದಲ್ಲಿ ಕೇಳದೆ ಬಿಟ್ಟಿದ್ದಕ್ಕೆ ಉತ್ತರ ಹೇಳಿದರು. ಎಲ್ಲವನ್ನೂ ನಿನಗೆ ಬರೆಯುವುದಿಲ್ಲ. ವಾರ್ಡನ್ ಮೇಡಂ ಓದುತ್ತಾರೆ. ಅವರಿಗೆ ನಮಸ್ಕಾರ. ನಿನ್ನ ಅಪ್ಪ ಹೇಳಿದ್ದರಲ್ಲಿ ಅರ್ಧ ನನಗೆ ಸರಿ ಅನಿಸಲಿಲ್ಲ, ಹಾಗೆಂದು ಹೇಳಿದೆ. ಅವರು ಸುಮ್ಮನಾಗಲಿಲ್ಲ. ದ್ಯಾಮಕ್ಕ ಕೆಳಗಿನಿಂದ "ಏನ್ರೀ ಟೀಚರ್ರ, ಎಲ್ಲಾ ಆರಾಮ ಐತೇನು?" ಎಂದು ಕೂಗುವಷ್ಟು ದನಿ ಏರಿಸಿ ಮಾತಾಡಿದೆವು. ಎಷ್ಟೋ ದಿನದ ಮೇಲೆ.

ಸಂಜೆ ಬಸ್ಸಿಗೆ ಹೋದರು. ಅಜ್ಜಿ ಒಬ್ಬರೇ ಇದ್ದಾರಲ್ಲ. ಬರುವ ಶನಿವಾರ ಅಜ್ಜಿಯನ್ನು ಕರೆದುಕೊಂಡೇ ಬರುತ್ತಾರಂತೆ; ಆಮೇಲಿನದನ್ನು ಆಮೇಲೆ ನೋಡೋಣ ಅಂದರು. ಸರಿ ಅಂದೆ. ಇದನ್ನು ನೀನು ಹೇಗೆ ಬೇಕಾದರೂ ಅರ್ಥ ಮಾಡಿಕೊಳ್ಳಬಹುದು. ನಾನೂ ಹಾಗೇ ಮಾಡುತ್ತಿದ್ದೇನೆ.

ಹೋಗುವ ಮೊದಲು ಇಂಜಿನ್ ಓಡಿಸಿದೆವು. ಕೊಟ್ಟೂರಿನಿಂದ ಹೊರಟು, ಕೂಳೆ ಹೊಲ ದಾಟಿ, ಕೂಡುಗೆರೆಯ ಹತ್ತಿರ ಎಂದಿನ ಹಾಗೆ ಒಂದು ಸಲ ಟಕ್ ಎಂದು, ಹಸಿರೊಳಗೆ ಹೋಯಿತು. ಸ್ಪ್ಯಾನರ್ ಮೇಜಿನ ಮೇಲೆಯೇ ಇತ್ತು. ನಿನ್ನ ಅಪ್ಪ ಅದನ್ನು ತೆಗೆದುಕೊಂಡು ಎರಡು ಬೋಲ್ಟುಗಳನ್ನೂ ಒಂದೊಂದು ಸುತ್ತು ಬಿಗಿ ಮಾಡಿದರು.

ಗೋಡೆ ಕಡೆಯ ಅಂಚಿಗೆ ಮಾತ್ರ ಇನ್ನೂ ಬಣ್ಣ ಹಚ್ಚಿಲ್ಲ. ಯಾರಿಗೂ ಕಾಣುವುದಿಲ್ಲ, ಬಿಟ್ಟರೂ ನಡೆಯುತ್ತದೆ ಅಂದೆ. ನಿನ್ನ ಅಪ್ಪ ಒಪ್ಪಲಿಲ್ಲ. ಬೋಲ್ಟು ಬಿಚ್ಚದೆ ಹಲಗೆಗಳನ್ನು ಗೋಡೆಯಿಂದ ಈಚೆಗೆ ಎಳೆಯಬೇಕಾದರೆ ಆ ತುದಿಗೊಬ್ಬರು, ಈ ತುದಿಗೊಬ್ಬರು, ಕೂಡಿದ ಜಾಗದಲ್ಲಿ ಕೆಳಗೆ ಕೈ ಕೊಟ್ಟು ಹಿಡಿಯಲು ಒಬ್ಬರು ಬೇಕಂತೆ.

ದಸರಾ ರಜೆಗೆ ಎರಡು ಬಣ್ಣವನ್ನೂ ತೆಗೆದಿಟ್ಟಿರುತ್ತೇನೆ. ಇಬ್ಬರು ಇದ್ದೇವೆ.

ನಿನ್ನ,
ಅಮ್ಮ